ಕಲ್ಲಿನ ಮನೆಗೊಂದು ಸಬ್‌ವೂಫರ್: ಮನೆಯಲ್ಲೇ ಕಟ್ಟಲು ಸಮಗ್ರ ಮಾರ್ಗದರ್ಶಿ

ಸಬ್‌ವೂಫರ್, ಅಂದರೆ ಬೇಸ್ ಅನ್ನುವ ತೀರಾ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಕಟ್ಟಬೇಕು ಅಂದುಕೊಂಡವರು ಮೊದಲು ಅಂಗಡಿಗೆ ಹೋಗಿ ವ್ಯಾಟ್ ಎಷ್ಟು ಅಂತ ಕೇಳುತ್ತಾರೆ. ಅದಕ್ಕೂ ಮುಂಚೆ ನಿಮ್ಮ ಕೋಣೆಯನ್ನು ಒಮ್ಮೆ ಸರಿಯಾಗಿ ನೋಡಿ. ಕಲಬುರಗಿ, ಚಿತ್ತಾಪುರ, ಸೇಡಂ ಕಡೆ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಹಳೇ ಮನೆಯಾದರೆ ಗೋಡೆಯೂ ದಪ್ಪ ಕಲ್ಲಿನದೇ. ಹೊಸ ಮನೆಯಾದರೆ ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಸ್ಲ್ಯಾಬ್. ಇಂಥ ಕೋಣೆಯಲ್ಲಿ ಬೇಸ್ ನಡೆದುಕೊಳ್ಳುವ ರೀತಿಯೇ ಬೇರೆ.

ಅಮೆರಿಕದ ಮನೆಗಳಲ್ಲಿ ಗೋಡೆ ಅಂದರೆ ಹೆಚ್ಚಾಗಿ ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಹಲಗೆ. ಬೇಸ್ ಬಡಿದಾಗ ಆ ಹಲಗೆ ತಾನೂ ಅದುರುತ್ತದೆ, ಒಂದಷ್ಟು ಶಕ್ತಿಯನ್ನು ನುಂಗುತ್ತದೆ, ಇನ್ನೊಂದಷ್ಟು ಹೊರಗೆ ಸೋರುತ್ತದೆ. ನಮ್ಮ ಕಲ್ಲಿನ ಗೋಡೆ ಅಷ್ಟು ಅದುರುವುದಿಲ್ಲ. ಹೋದ ಸದ್ದಿನಲ್ಲಿ ಹೆಚ್ಚಿನದು ವಾಪಸ್ ಬರುತ್ತದೆ. ಇದರಿಂದ ಒಂದು ಲಾಭ, ಒಂದು ತೊಂದರೆ. ಲಾಭ ಏನೆಂದರೆ ತೀರಾ ಕೆಳಗಿನ ಸ್ವರಗಳಿಗೆ ಕೋಣೆಯೇ ಬಲ ಕೊಡುತ್ತದೆ. ತೊಂದರೆ ಏನೆಂದರೆ ಕೆಲವು ಸ್ವರ ಒಂದೊಂದು ಜಾಗದಲ್ಲಿ ಗುಂಯ್ ಅಂತ ಉಳಿದುಬಿಡುತ್ತವೆ, ಇನ್ನು ಕೆಲವು ಮಾಯವಾಗುತ್ತವೆ.

ಈ ಮಾರ್ಗದರ್ಶಿಯ ಎಲ್ಲ ತೀರ್ಮಾನಗಳೂ ಇದೇ ಮಾತಿನಿಂದ ಹುಟ್ಟಿದವು. ನಾನು ಇಲ್ಲಿ ಹೇಳುತ್ತಿರುವುದು 12 ಇಂಚಿನ ಒಂದು ಡ್ರೈವರ್ (ಸದ್ದು ಹೊರಡಿಸುವ ದುಂಡನೆಯ ಭಾಗ), ಸಂದಿಲ್ಲದ ಮುಚ್ಚಿದ ಪೆಟ್ಟಿಗೆ, 100 ವ್ಯಾಟ್ ಸುಮಾರಿನ ಆಂಪ್ಲಿಫೈಯರ್. ಮಧ್ಯಮ ಗಾತ್ರದ ಹಾಲ್‌ಗೆ ಇದು ಧಾರಾಳ ಸಾಕು.

## ಮುಚ್ಚಿದ ಪೆಟ್ಟಿಗೆಯೇ ಯಾಕೆ?

ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಸಬ್‌ವೂಫರ್‌ಗಳಿಗೆ ಗಾಳಿ ಓಡಾಡುವ ಒಂದು ಪೈಪ್ ಇರುತ್ತದೆ. ಅದನ್ನು ಪೋರ್ಟ್ ಅನ್ನುತ್ತಾರೆ. ಪೋರ್ಟ್ ಇದ್ದರೆ ಅಷ್ಟೇ ವ್ಯಾಟ್‌ಗೆ ಸದ್ದು ಜಾಸ್ತಿ. ಆದರೆ ಪೋರ್ಟ್ ಟ್ಯೂನ್ ಮಾಡಿದ ಸ್ವರಕ್ಕಿಂತ ಕೆಳಗೆ ಸದ್ದು ಕಡಿದಾಗಿ ಬೀಳುತ್ತದೆ, ಸ್ವರ ಅರ್ಧಕ್ಕೆ ಇಳಿದಾಗಲೆಲ್ಲ 24 ಡೆಸಿಬೆಲ್‌ನಷ್ಟು. ಮುಚ್ಚಿದ ಪೆಟ್ಟಿಗೆಯಲ್ಲಿ ಇಳಿಕೆ ಅದರ ಅರ್ಧ, 12 ಡೆಸಿಬೆಲ್. ನಮ್ಮ ಗಟ್ಟಿ ಕೋಣೆ ಕೆಳಗಿನ ಸ್ವರಗಳನ್ನು ಎತ್ತಿ ಹಿಡಿಯುತ್ತದೆ ಅಂದೆನಲ್ಲ, ಆ ಏರಿಕೆಯೂ ಈ ನಿಧಾನದ ಇಳಿಕೆಯೂ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಪೋರ್ಟ್ ಇದ್ದ ಪೆಟ್ಟಿಗೆಯನ್ನು ಇದೇ ಕೋಣೆಯಲ್ಲಿಟ್ಟರೆ 30-40 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ) ಸುತ್ತ ಸದ್ದು ಉಬ್ಬಿ, ಸಂಭಾಷಣೆಯೂ ಮಸುಕಾಗುವ ಸಾಧ್ಯತೆ ಹೆಚ್ಚು.

ಇನ್ನೂ ಎರಡು ಕಾರಣ ಇವೆ. ಪೋರ್ಟ್ ಪೆಟ್ಟಿಗೆಯಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಸ್ವರ ಕೆಡುತ್ತದೆ. ಮುಚ್ಚಿದ ಪೆಟ್ಟಿಗೆ ಐದಾರು ಲೀಟರ್ ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತದೆ. ಮೊದಲ ಸಲ ಕಟ್ಟುವವರಿಗೆ ಇದು ದೊಡ್ಡ ನೆಮ್ಮದಿ. ಎರಡನೆಯದು, ನಮ್ಮ ಕಡೆಯ ಧೂಳು. ಅಲ್ಲದೆ ಇಲಿ, ಹಲ್ಲಿ, ಜಿರಳೆಗಳಿಗೆ ಪೋರ್ಟ್ ಪೈಪ್ ಅಂದರೆ ಬಾಗಿಲು ತೆರೆದಿಟ್ಟ ಹಾಗೆ. ಒಳಗೆ ಹೋದ ಇಲಿ ಮೊದಲು ಕಡಿಯುವುದು ಹತ್ತಿ, ಆಮೇಲೆ ವೈರ್.

ಮುಚ್ಚಿದ ಪೆಟ್ಟಿಗೆಯಿಂದ ಆಳದ ಬೇಸ್ ತೆಗೆಯುವ ದಾರಿ ಹೊಸದೇನಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ತಂದಾಗಲೇ ಇದನ್ನು ತೋರಿಸಿದ್ದರು. ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಗಿ ಕೋನ್ ಅನ್ನು, ಅಂದರೆ ಡ್ರೈವರ್‌ನಲ್ಲಿ ಒಳಗೆ ಹೊರಗೆ ಆಡುವ ಭಾಗವನ್ನು, ಹಿಡಿದು ನಡೆಸುತ್ತದೆ. ಹಾಗಾಗಿ ಗಾಳಿ ಎಲ್ಲೂ ಸೋರಬಾರದು. ಇಡೀ ಕೆಲಸದಲ್ಲಿ ನೀವು ಜೀವ ಹಿಡಿದು ಮಾಡಬೇಕಾದ್ದು ಇದೊಂದೇ.

ಪೋರ್ಟ್ ಬೇಕೇ ಬೇಕು ಅನ್ನುವವರಿಗೆ ಒಂದು ಅಂದಾಜು ಹೇಳಿಬಿಡುತ್ತೇನೆ. 60 ಲೀಟರ್ ಪೆಟ್ಟಿಗೆಯನ್ನು 28 ಹರ್ಟ್ಸ್‌ಗೆ ಟ್ಯೂನ್ ಮಾಡಲು 10 ಸೆಂಮೀ ಒಳವ್ಯಾಸದ ಪೈಪ್ ಸುಮಾರು 43 ಸೆಂಮೀ ಉದ್ದ ಬೇಕಾಗುತ್ತದೆ. ಕೆಳಗೆ ಹೇಳುವ ಪೆಟ್ಟಿಗೆಯೊಳಗೆ ಅದು ನೇರವಾಗಿ ಹಿಡಿಸುವುದೇ ಇಲ್ಲ.

## ಡ್ರೈವರ್ ಆರಿಸುವುದು

ಸ್ಪೀಕರ್ ಅಂತ ನಾವು ಕರೆಯುವ ಆ ದುಂಡನೆಯ ಭಾಗವೇ ಡ್ರೈವರ್. ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಇರಲಿ.

ಪಿಎಂಪಿಒ ಅಂತ ಬರೆದ ಸಾವಿರಾರು ವ್ಯಾಟ್‌ಗಳನ್ನು ನೋಡಲೇಬೇಡಿ. ಅದಕ್ಕೆ ಅರ್ಥವಿಲ್ಲ. ಆರ್‌ಎಂಎಸ್, ಅಂದರೆ ಸತತವಾಗಿ ತಡೆದುಕೊಳ್ಳುವ ನಿಜವಾದ ವ್ಯಾಟ್, ಎಷ್ಟು ಅಂತ ಕೇಳಿ. ಗಾತ್ರ ಯಾಕೆ ಮುಖ್ಯ ಅಂದರೆ, ಸ್ವರ ಅರ್ಧಕ್ಕೆ ಇಳಿದಾಗ ಅಷ್ಟೇ ಸದ್ದು ಬರಲು ಕೋನ್ ನಾಲ್ಕು ಪಟ್ಟು ಹೆಚ್ಚು ಓಡಾಡಬೇಕು. 60 ಹರ್ಟ್ಸ್‌ನಲ್ಲಿ 2 ಮಿಮೀ ಆಡುವ ಕೋನ್ 30 ಹರ್ಟ್ಸ್‌ನಲ್ಲಿ 8 ಮಿಮೀ ಆಡಬೇಕು. 8 ಇಂಚಿನ ಡ್ರೈವರ್‌ಗೆ ಇದು ಬಲು ಕಷ್ಟ. 12 ಇಂಚಿನದಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ವಿಸ್ತೀರ್ಣ ಇರುವುದರಿಂದ ಕಡಿಮೆ ಆಡಿದರೂ ನಡೆಯುತ್ತದೆ.

ಕಾರಿಗೆ ಹಾಕುವ 12 ಇಂಚಿನ ಸಬ್‌ವೂಫರ್‌ಗಳು ಮನೆಗೂ ಆಗುತ್ತವೆ. ಕಲಬುರಗಿಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲೇ ಸಿಗುತ್ತವೆ. ಆಯ್ಕೆ ಜಾಸ್ತಿ ಬೇಕಾದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಇದೆ. ಬೀದರಿನವರಿಗಂತೂ ಅದು ಇನ್ನೂ ಹತ್ತಿರ. ಎಲ್ಲೇ ತಗೊಂಡರೂ ಡಬ್ಬಿಯೊಳಗಿನ ಕಾಗದದಲ್ಲಿ ಮೂರು ಅಂಕಿ ಇವೆಯಾ ನೋಡಿ:

- ಎಫ್‌ಎಸ್: ಕೋನ್ ತಾನಾಗಿ ಅನುರಣಿಸುವ ಸ್ವರ. 22ರಿಂದ 32 ಹರ್ಟ್ಸ್ ಒಳಗಿದ್ದರೆ ಒಳ್ಳೆಯದು.
- ಕ್ಯೂಟಿಎಸ್: ಕೋನ್‌ನ ಮೇಲೆ ಎಷ್ಟು ಹಿಡಿತ ಇದೆ ಅಂತ ಹೇಳುವ ಅಂಕಿ. ಮುಚ್ಚಿದ ಪೆಟ್ಟಿಗೆಗೆ 0.4ರಿಂದ 0.55 ಚೆನ್ನ.
- ವಿಎಎಸ್: ಕೋನ್‌ನ ಬಿಗಿತಕ್ಕೆ ಸಮನಾದ ಗಾಳಿಯ ಅಳತೆ, ಲೀಟರ್‌ನಲ್ಲಿ.

ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ ಶುರುಮಾಡಿದ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ ಲೆಕ್ಕ ಇದು. ಇವತ್ತಿಗೂ ಪೆಟ್ಟಿಗೆ ಲೆಕ್ಕ ಹಾಕುವವರೆಲ್ಲ ಇದನ್ನೇ ಬಳಸುತ್ತಾರೆ. ಈ ಅಂಕಿಗಳು ಸಿಗದ ಡ್ರೈವರ್ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಅಂಕಿ ಇಲ್ಲದೆ ಕಟ್ಟಿದ ಪೆಟ್ಟಿಗೆ ಕೇವಲ ಅದೃಷ್ಟ.

ಕೋನ್‌ನ ಅಂಚಿನ ಸುತ್ತು ರಬ್ಬರಿನದಿರಲಿ. ಫೋಮ್ ಸುತ್ತು ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಇನ್ನೊಂದು ಎಚ್ಚರ: ಎರಡು ಕಾಯಿಲ್ (ಕೋನ್ ಅನ್ನು ಆಡಿಸುವ ತಂತಿಸುರುಳಿ) ಇರುವ ಡ್ರೈವರ್ ಆದರೆ ಜೋಡಣೆ ನೋಡಿಕೊಳ್ಳಿ. 2 ಓಮ್‌ನ ಎರಡು ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಕಟ್ಟಿದರೆ 4 ಓಮ್. ಪ್ಯಾರಲೆಲ್ ಕಟ್ಟಿದರೆ 1 ಓಮ್, ಅದಕ್ಕೆ ಮನೆಯ ಆಂಪ್ಲಿಫೈಯರ್ ಸುಟ್ಟೇಹೋಗಬಹುದು. ನಮಗೆ ಬೇಕಾದ್ದು 4 ಓಮ್.

## ಪೆಟ್ಟಿಗೆಯ ಲೆಕ್ಕ

ಪೆಟ್ಟಿಗೆಯಲ್ಲಿ ಕೂರಿಸಿದಾಗ ಕ್ಯೂಟಿಎಸ್ ಅಂಕಿ ಮೇಲೇರುತ್ತದೆ, ಅದು 0.707ಕ್ಕೆ ಬಂದು ನಿಲ್ಲಬೇಕು ಅನ್ನುವುದು ನಮ್ಮ ಗುರಿ. ಈ 0.707 ಅನ್ನು ಡ್ರೈವರ್‌ನ ಕ್ಯೂಟಿಎಸ್‌ನಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದರಲ್ಲಿ 1 ಕಳೆಯಿರಿ. ಉಳಿದ ಸಂಖ್ಯೆಯಿಂದ ವಿಎಎಸ್ ಅನ್ನು ಭಾಗಿಸಿ. ಉತ್ತರವೇ ಪೆಟ್ಟಿಗೆಯ ಒಳಗಿನ ಲೀಟರ್.

ಉದಾಹರಣೆಗೆ ಎಫ್‌ಎಸ್ 28 ಹರ್ಟ್ಸ್, ಕ್ಯೂಟಿಎಸ್ 0.45, ವಿಎಎಸ್ 80 ಲೀಟರ್ ಇರುವ ಡ್ರೈವರ್ ತಗೊಳ್ಳಿ. 0.707 ಭಾಗಿಸು 0.45 ಅಂದರೆ 1.57. ಅದರ ವರ್ಗ 2.47. ಒಂದು ಕಳೆದರೆ 1.47. 80 ಅನ್ನು 1.47ರಿಂದ ಭಾಗಿಸಿದರೆ 54 ಲೀಟರ್ ಚಿಲ್ಲರೆ.

0.707 ಅನ್ನುವ ಗುರಿ ಇಟ್ಟುಕೊಂಡರೆ ಸದ್ದು ಉಬ್ಬದೆ, ಸೊರಗದೆ ಸಮವಾಗಿ ಬರುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಅಂಕಿ ಮೇಲೇರುತ್ತದೆ. 1ರ ಹತ್ತಿರ ಬಂದಾಗ ಧಂ ಧಂ ಅನ್ನುವ ಉಬ್ಬಿದ ಬೇಸ್ ಕೇಳುತ್ತದೆ. ಕೆಲವರಿಗೆ ಅದು ಇಷ್ಟ. ಆದರೆ ಕಲ್ಲಿನ ಕೋಣೆಯಲ್ಲಿ ಮೊದಲೇ ಗುಂಯ್‌ಗುಟ್ಟುವ ಸ್ವರ ಇರುತ್ತದೆ. ಅದರ ಮೇಲೆ ಇದೂ ಸೇರಿದರೆ ಅರ್ಧ ಗಂಟೆಯಲ್ಲಿ ತಲೆ ನೋಯುತ್ತದೆ. ನಮ್ಮ ಮನೆಗಳಿಗೆ 0.7 ದಾಟಿಸದಿರುವುದೇ ಲೇಸು.

ಡ್ರೈವರ್‌ನ ಮ್ಯಾಗ್ನೆಟ್, ಒಳಗಿನ ಅಡ್ಡಪಟ್ಟಿಗಳು ಸೇರಿ ಐದು ಲೀಟರ್ ಜಾಗ ತಿನ್ನುತ್ತವೆ. ಅದಕ್ಕೆ ಪೆಟ್ಟಿಗೆಯ ಒಳಗೆ ಒಟ್ಟು 60 ಲೀಟರ್ ದಾಟಿರಬೇಕು. ಹೊರಗಿನಿಂದ 45 ಸೆಂಮೀ ಅಗಲ, 45 ಎತ್ತರ, 40 ಆಳ ಇಟ್ಟರೆ 18 ಮಿಮೀ ಹಲಗೆ ಕಳೆದು ಒಳಗೆ 62 ಲೀಟರ್ ಸಿಗುತ್ತದೆ. ಈ ಪೆಟ್ಟಿಗೆಯಲ್ಲಿ ನಮ್ಮ ಉದಾಹರಣೆಯ ಡ್ರೈವರ್ 43 ಹರ್ಟ್ಸ್‌ನಲ್ಲಿ 3 ಡೆಸಿಬೆಲ್, 30 ಹರ್ಟ್ಸ್‌ನಲ್ಲಿ 7 ಡೆಸಿಬೆಲ್ ಇಳಿದಿರುತ್ತದೆ. ಆ ಇಳಿಕೆಯಲ್ಲಿ ಒಂದು ಪಾಲನ್ನು ಕೋಣೆ ತುಂಬಿಕೊಡುತ್ತದೆ.

ನಿಮ್ಮ ಡ್ರೈವರ್‌ನ ಅಂಕಿ ಬೇರೆ ಇದ್ದರೆ ಲೆಕ್ಕ ಮತ್ತೆ ಹಾಕಿ. ನನ್ನ ಅಳತೆಯನ್ನು ಹಾಗೇ ಎತ್ತಿಕೊಳ್ಳಬೇಡಿ.

## ಹಲಗೆ ಮತ್ತು ಕತ್ತರಿಕೆ

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಸಮತಟ್ಟು, ಕತ್ತರಿಸಲು ಸುಲಭ. ಆದರೆ ನೀರು ತಾಗಿದರೆ ಉಬ್ಬುತ್ತದೆ. ಶಹಾಬಾದ್ ಕಲ್ಲಿನ ನೆಲವನ್ನು ಒರೆಸುವಾಗ ಬಕೆಟ್ ನೀರು ಸುರಿಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಹಾಗಾಗಿ 18 ಮಿಮೀ ಗಟ್ಟಿ ಪ್ಲೈವುಡ್ ತಗೊಳ್ಳಿ ಅನ್ನುತ್ತೇನೆ. ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ ದರ್ಜೆಯಾದರೆ ನೀರಿಗೆ ಹೆದರಬೇಕಿಲ್ಲ. ಹಲಗೆಯ ಅಂಚನ್ನು ನೋಡಿ, ಪದರಗಳ ನಡುವೆ ಖಾಲಿ ಸಂದು ಇದ್ದರೆ ಬೇಡ. ಆ ಸಂದೇ ಮುಂದೆ ಜರ್ರ್ ಅಂತ ಸದ್ದು ಮಾಡುತ್ತದೆ. ಬೆರಳ ಗೆಣ್ಣಿನಿಂದ ಹಲಗೆಯ ಮೇಲೆಲ್ಲ ತಟ್ಟಿ ನೋಡಿ, ಪೊಳ್ಳು ಇದ್ದ ಕಡೆ ಸದ್ದು ಬದಲಾಗುತ್ತದೆ.

6×4 ಅಡಿಯ ಒಂದು ಹಾಳೆ ಸಾಕು. ಬೇಕಾದ ತುಂಡುಗಳು ಇಷ್ಟು:

- ಮೇಲೆ, ಕೆಳಗೆ: 450 × 400 ಮಿಮೀ, ಎರಡು
- ಪಕ್ಕಗಳು: 414 × 400 ಮಿಮೀ, ಎರಡು
- ಒಳ ಮುಂಭಾಗ, ಹಿಂಭಾಗ, ಒಳಚೌಕಟ್ಟು: 414 × 414 ಮಿಮೀ, ಮೂರು
- ಹೊರ ಮುಂಭಾಗ: 450 × 450 ಮಿಮೀ, ಒಂದು

ಕತ್ತರಿಸುವ ಕೆಲಸವನ್ನು ದೊಡ್ಡ ಟೇಬಲ್ ಗರಗಸ ಇರುವ ಪ್ಲೈವುಡ್ ಅಂಗಡಿಯಲ್ಲಿ ಅಥವಾ ಬಡಿಗೇರರ ಹತ್ತಿರ ಮಾಡಿಸಿ. ಕೈಗರಗಸದಲ್ಲಿ ಮಿಲಿಮೀಟರ್ ಲೆಕ್ಕದ ನೇರ ಅಂಚು ಬರುವುದು ಕಷ್ಟ. ಒಂದೇ ಅಳತೆಯ ತುಂಡುಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಒಟ್ಟಿಗೆ ಕತ್ತರಿಸಿ ಅಂತ ಹೇಳಿ. ಅಳತೆ ಒಂದು ಮಿಮೀ ಆಚೀಚೆ ಆದರೂ ಎಲ್ಲವೂ ಒಂದೇ ಸಮ ಆದರೆ ಪೆಟ್ಟಿಗೆ ಕೂಡುತ್ತದೆ.

ಮುಂಭಾಗದ ಎರಡೂ ಹಲಗೆಗೆ ಡ್ರೈವರ್‌ನ ತೂತು ಬೇಕು. 12 ಇಂಚಿನದಕ್ಕೆ ತೂತು ಸುಮಾರು 280 ಮಿಮೀ ಇರುತ್ತದೆ, ಆದರೆ ನಿಮ್ಮದನ್ನು ಅಳೆದೇ ಕೊರೆಯಿರಿ. ನಡುವೆ ಮೊಳೆ ಹೊಡೆದು, ದಾರ ಕಟ್ಟಿ ಪೆನ್ಸಿಲ್‌ನಿಂದ ವೃತ್ತ ಬರೆದುಕೊಂಡು ಜಿಗ್‌ಸಾದಲ್ಲಿ ಕೊರೆದರೆ ಸಾಕು. ಒಳಚೌಕಟ್ಟಿಗೆ ಸುತ್ತಲೂ 60 ಮಿಮೀ ಬಿಟ್ಟು ನಡುವಿನ ಭಾಗ ತೆಗೆದುಹಾಕಿ. ಈ ಚೌಕಟ್ಟು ಪೆಟ್ಟಿಗೆಯ ಮಧ್ಯೆ ನಿಂತು ನಾಲ್ಕೂ ಗೋಡೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಮ್ಯಾಗ್ನೆಟ್ ಅದರ ನಡುವೆ ಸಲೀಸಾಗಿ ಹೋಗಬೇಕು. ಹೊರತೆಗೆದ ತುಂಡಿನಿಂದ ಒಂದು ಪಟ್ಟಿ ಸೀಳಿ ಹಿಂದಿನ ಹಲಗೆಗೆ ಒಳಗಿನಿಂದ ಅಡ್ಡಲಾಗಿ ಅಂಟಿಸಿ.

## ಜೋಡಿಸುವುದು

ಮೊದಲು ಅಂಟು ಇಲ್ಲದೆ ಇಡೀ ಪೆಟ್ಟಿಗೆಯನ್ನು ಒಮ್ಮೆ ನಿಲ್ಲಿಸಿ ನೋಡಿ. ಮೂಲೆಮಟ್ಟ ಹಿಡಿದು ಎಲ್ಲ ಮೂಲೆ 90 ಡಿಗ್ರಿ ಇವೆಯಾ ಪರೀಕ್ಷಿಸಿ.

ಆಮೇಲೆ ಕೆಳಗಿನ ಹಲಗೆ ಇಟ್ಟು, ಅದರ ಮೇಲೆ ಎರಡು ಪಕ್ಕ, ನಡುವೆ ಚೌಕಟ್ಟು, ಹಿಂಭಾಗ, ಒಳ ಮುಂಭಾಗ, ಕೊನೆಗೆ ಮೇಲಿನ ಹಲಗೆ. ಈ ಕ್ರಮದಲ್ಲಿ ಹೋಗಿ. ಮರಕ್ಕೆ ಬಳಸುವ ಫೆವಿಕಾಲ್ ಎಸ್‌ಎಚ್ ಸಾಕು. ಅಂಚಿನ ಉದ್ದಕ್ಕೂ ಧಾರಾಳವಾಗಿ ಹಚ್ಚಿ. ಒತ್ತಿದಾಗ ಅಂಟು ಎರಡೂ ಕಡೆ ಉಕ್ಕಿ ಬರಬೇಕು, ಉಕ್ಕದ ಜಾಗದಲ್ಲಿ ಸಂದು ಉಳಿದಿದೆ ಅಂತಲೇ ಅರ್ಥ. 40 ಮಿಮೀ ಸ್ಕ್ರೂಗಳನ್ನು ಹತ್ತು ಸೆಂಮೀಗೆ ಒಂದರಂತೆ ಹಾಕಿ. ಸ್ಕ್ರೂಗೂ ಮುಂಚೆ ಸಣ್ಣ ಡ್ರಿಲ್‌ನಿಂದ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ಲೈ ಸೀಳುತ್ತದೆ.

ಬೇಸಿಗೆಯಲ್ಲಿ ಈ ಕೆಲಸ ಮಾಡುವವರಿಗೆ ಒಂದು ಮಾತು. 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಅಂಟು ಹಚ್ಚಿ ಮುಗಿಸುವಷ್ಟರಲ್ಲೇ ಕೆನೆಗಟ್ಟುತ್ತದೆ. ಬೆಳಿಗ್ಗೆ ಬೇಗ ಅಥವಾ ಸಂಜೆ ತಂಪಾದ ಮೇಲೆ ಮಾಡಿ. ಇಡೀ ದಿನ ಒಣಗಲು ಬಿಡಿ, ಆದರೆ ಬಿಸಿಲಲ್ಲಿ ಇಡಬೇಡಿ.

ಒಣಗಿದ ಮೇಲೆ ಡ್ರೈವರ್ ತೂತಿನಿಂದ ಕೈ ಹಾಕಿ ಒಳಗಿನ ಎಲ್ಲ ಮೂಲೆಗಳಿಗೂ ಬೆರಳಿನಿಂದ ಇನ್ನೊಂದು ಸಲ ಅಂಟು ಎಳೆಯಿರಿ. ಸಿಲಿಕೋನ್ ಹಚ್ಚಿದರೂ ಆಗುತ್ತದೆ. ಆದರೆ ಹುಳಿ ವಾಸನೆಯ ಸಿಲಿಕೋನ್ ಪೂರ್ತಿ ಒಣಗುವ ತನಕ ಡ್ರೈವರ್ ಕೂರಿಸಬೇಡಿ, ಆ ಹಬೆ ಲೋಹಕ್ಕೆ ಒಳ್ಳೆಯದಲ್ಲ.

ಈಗ ಹೊರ ಮುಂಭಾಗದ ಹಲಗೆಯನ್ನು ಒಳಗಿನದರ ಮೇಲೆ ಅಂಟಿಸಿ. ಮುಂಭಾಗ ಒಟ್ಟು 36 ಮಿಮೀ ದಪ್ಪವಾಯಿತು. ಡ್ರೈವರ್‌ನ ಭಾರವೂ ಹೊಡೆತವೂ ಬೀಳುವುದು ಇಲ್ಲೇ. ಬೋಲ್ಟ್ ತೂತುಗಳನ್ನು ಗುರುತಿಸಿ ಕೊರೆದು, ಒಳಗಿನಿಂದ ಟಿ-ನಟ್ (ಮರಕ್ಕೆ ಕಚ್ಚಿಕೊಳ್ಳುವ ಹಲ್ಲಿರುವ ನಟ್) ಹೊಡೆಯಿರಿ. 5 ಮಿಮೀ ದಪ್ಪದ, 50 ಮಿಮೀ ಉದ್ದದ ಬೋಲ್ಟ್ ಬೇಕಾಗುತ್ತದೆ. ಮರದ ಸ್ಕ್ರೂ ಹಾಕಿದರೆ ಒಂದೆರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಹೋಗುತ್ತದೆ.

ಹಿಂದೆ ಸ್ಪೀಕರ್ ವೈರ್ ಸೇರಿಸುವ ಟರ್ಮಿನಲ್ ಕೂರಿಸಿ. ಅದರ ತೂತಿನ ಸುತ್ತ ಎಂ-ಸೀಲ್ ಒತ್ತಿ. ಒಳಗೆ 1.5 ಚದರ ಮಿಮೀ ತಾಮ್ರದ ವೈರ್ ಎಳೆದು ಬೆಸುಗೆ ಹಾಕಿ.

ಇನ್ನು ಒಳಗೆ ತುಂಬುವುದು. ಹತ್ತಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದು ತೇವ ಹೀರುತ್ತದೆ, ಕೆಳಗೆ ಕುಸಿದು ಗಟ್ಟಿಯಾಗುತ್ತದೆ. ಗಾದಿ ಅಂಗಡಿಯಲ್ಲಿ ದಿಂಬಿಗೆ ಹಾಕುವ ಪಾಲಿಯೆಸ್ಟರ್ ಫೈಬರ್ ಕೇಳಿ, ಅರ್ಧ ಕೆಜಿ ಸಾಕು. ಕೈಯಿಂದ ಬಿಡಿಸಿ ಹಗುರವಾಗಿ ಹರಡಿ. ಇದರಿಂದ ಪೆಟ್ಟಿಗೆ ಸ್ವಲ್ಪ ದೊಡ್ಡದಿದ್ದಂತೆ ವರ್ತಿಸುತ್ತದೆ. ಡ್ರೈವರ್‌ನ ಹಿಂದಿನ ಗಾಳಿತೂತಿಗೆ ಫೈಬರ್ ತಾಗದಿರಲಿ.

ಡ್ರೈವರ್ ಕೂರಿಸುವ ಅಂಚಿಗೆ ಫೋಮ್ ಟೇಪ್ ಅಂಟಿಸಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ.

## ಸೋರಿಕೆ ಪರೀಕ್ಷೆ

ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಗಾಳಿ ಬಿಗಿಯಾಗಿದ್ದರೆ ಒತ್ತುವಾಗಲೇ ತಡೆ ಗೊತ್ತಾಗುತ್ತದೆ. ಆಂಪ್ಲಿಫೈಯರ್ ಸಿದ್ಧವಾದ ಮೇಲೆ 30 ಹರ್ಟ್ಸ್ ಸ್ವರ ಸಣ್ಣಗೆ ಹಾಕಿ, ಹೊತ್ತಿಸಿದ ಊದಿನಕಡ್ಡಿಯನ್ನು ಎಲ್ಲ ಜೋಡಣೆಗಳ ಹತ್ತಿರ, ಟರ್ಮಿನಲ್ ಹತ್ತಿರ, ಡ್ರೈವರ್ ಅಂಚಿನ ಸುತ್ತ ಆಡಿಸಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಸಂದಿದೆ. ಫ್ಯಾನ್, ಕೂಲರ್ ಬಂದ್ ಮಾಡಿಯೇ ಈ ಪರೀಕ್ಷೆ ಮಾಡಬೇಕು. ಸಂದು ಸಿಕ್ಕರೆ ಅಂಟು ತುಂಬಿ ಮತ್ತೆ ಪರೀಕ್ಷಿಸಿ. ಬಣ್ಣ, ಸನ್‌ಮೈಕಾ ಎಲ್ಲ ಇದಾದ ಮೇಲೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನಿಮ್ಮ ಮನೆಯ ಬಾಗಿಲು-ಕಪಾಟಿಗೆ ಏನು ಒಪ್ಪುತ್ತದೋ ಅದು.

## ಆಂಪ್ಲಿಫೈಯರ್

ಇದನ್ನು ಪೆಟ್ಟಿಗೆಯೊಳಗೆ ಹಾಕಲೇಬೇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯಾಡುವುದಿಲ್ಲ, ನಮ್ಮ ಏಪ್ರಿಲ್-ಮೇ ಸೆಖೆಯಲ್ಲಿ ಟ್ರಾನ್ಸಿಸ್ಟರ್‌ಗಳು ಉಳಿಯುವುದಿಲ್ಲ. ಬೇರೆಯೇ ಕ್ಯಾಬಿನೆಟ್ ಇರಲಿ. ರಿಪೇರಿಗೂ ಅನುಕೂಲ.

ಎರಡು ದಾರಿ ಇವೆ. ಸಿ5200-ಎ1943 ಟ್ರಾನ್ಸಿಸ್ಟರ್ ಜೋಡಿಯ ಮೋನೋ ಬೋರ್ಡ್ ನಮ್ಮ ದೇಶದ ರಿಪೇರಿ ಅಂಗಡಿಗಳಿಗೆಲ್ಲ ಪರಿಚಿತ. ಕೆಟ್ಟರೆ ಯಾರು ಬೇಕಾದರೂ ಸರಿಮಾಡುತ್ತಾರೆ. ಅದಕ್ಕೆ 24-0-24 ವೋಲ್ಟ್, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಕೊಟ್ಟರೆ 4 ಓಮ್‌ಗೆ 80ರಿಂದ 100 ವ್ಯಾಟ್ ನಿಜವಾದ ಶಕ್ತಿ ಬರುತ್ತದೆ. ಇನ್ನೊಂದು ದಾರಿ ಕ್ಲಾಸ್ ಡಿ ಬೋರ್ಡ್, ಟಿಪಿಎ3255 ಚಿಪ್‌ನಂಥದ್ದು. ಬಿಸಿ ಕಡಿಮೆ, ಶಕ್ತಿ ಜಾಸ್ತಿ. ಆದರೆ ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು. ಊರಲ್ಲೇ ರಿಪೇರಿ ಆಗಬೇಕು ಅನ್ನುವವರಿಗೆ ನನ್ನ ಸಲಹೆ ಮೊದಲನೆಯದು.

ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ತಾಮ್ರದ ಸುತ್ತೇ ಅಂತ ಖಾತ್ರಿ ಮಾಡಿಕೊಳ್ಳಿ. ಅಲ್ಯೂಮಿನಿಯಂ ಸುತ್ತಿ ಮಾರುವುದೂ ಉಂಟು. ಕೈಯಲ್ಲಿ ಎತ್ತಿ ನೋಡಿದರೆ ತೂಕದಲ್ಲೇ ಅಂದಾಜು ಸಿಗುತ್ತದೆ. 24 ವೋಲ್ಟ್ ಎಸಿ ಡಯೋಡ್ ದಾಟಿದ ಮೇಲೆ 34 ವೋಲ್ಟ್ ಡಿಸಿ ಆಗುತ್ತದೆ. ಮನೆಗೆ ಬರುವ ವೋಲ್ಟೇಜ್ ಏರಿದಾಗ ಇನ್ನೂ ಮೇಲೆ ಹೋಗುತ್ತದೆ. ಅದಕ್ಕೆ 63 ವೋಲ್ಟ್‌ನ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ಲಸ್ ಕಡೆಗೆ ಒಂದು, ಮೈನಸ್ ಕಡೆಗೆ ಒಂದು.

ಇದರ ಜೊತೆ ಎರಡು ಸಣ್ಣ ಬೋರ್ಡ್ ಬೇಕು. ಒಂದು ಸಬ್‌ವೂಫರ್ ಫಿಲ್ಟರ್ ಬೋರ್ಡ್. ಇದು ಮೇಲಿನ ಸ್ವರಗಳನ್ನು ತಡೆದು ಬೇಸ್ ಮಾತ್ರ ಬಿಡುತ್ತದೆ. ನಿಮ್ಮ ಹತ್ತಿರ ಎವಿ ರಿಸೀವರ್ (ಹೋಮ್ ಥಿಯೇಟರ್‌ನ ಎಲ್ಲ ಸ್ಪೀಕರ್ ನಡೆಸುವ ಸಾಧನ) ಇದ್ದು ಅದರಲ್ಲಿ ಸಬ್‌ವೂಫರ್ ಔಟ್ ಇದ್ದರೆ ಈ ಫಿಲ್ಟರ್ ಬೇಡ, ರಿಸೀವರೇ ಆ ಕೆಲಸ ಮಾಡುತ್ತದೆ. ಇನ್ನೊಂದು ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್, ರಿಲೇ ಇರುವಂಥದ್ದು. ಇದನ್ನು ದಯವಿಟ್ಟು ಬಿಡಬೇಡಿ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ 34 ವೋಲ್ಟ್ ನೇರವಾಗಿ ಕಾಯಿಲ್‌ಗೆ ನುಗ್ಗಿ ಡ್ರೈವರ್ ಸುಟ್ಟುಹೋಗುತ್ತದೆ. ರಿಲೇ ಅದನ್ನು ತಕ್ಷಣ ಕಡಿಯುತ್ತದೆ. ಕರೆಂಟ್ ಹೋಗಿ ಬಂದಾಗ ಕೆಲವು ಸೆಕೆಂಡ್ ತಡೆದು ಸ್ಪೀಕರ್ ಜೋಡಿಸುವುದರಿಂದ ಧಡ್ ಅನ್ನುವ ಹೊಡೆತವೂ ತಪ್ಪುತ್ತದೆ. ದಿನಕ್ಕೆ ಹಲವು ಸಲ ಕರೆಂಟ್ ಆಟ ಆಡುವ ಊರಲ್ಲಿ ಇದು ಡ್ರೈವರ್‌ನ ಆಯುಷ್ಯವನ್ನೇ ಹೆಚ್ಚಿಸುತ್ತದೆ.

ಗ್ರೌಂಡ್ ವೈರ್‌ಗಳೆಲ್ಲ ಎರಡು ಕೆಪಾಸಿಟರ್ ಸೇರುವ ಒಂದೇ ಬಿಂದುವಿಗೆ ಬರಲಿ. ಸಿಗ್ನಲ್ ವೈರ್ ಶೀಲ್ಡ್ ಇರುವುದಾಗಿರಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರ ಹೋಗಲಿ. ಹಮ್ (ಸ್ಪೀಕರ್‌ನಲ್ಲಿ ಸದಾ ಕೇಳುವ ಕರೆಂಟಿನ ಗುಂಯ್ ಸದ್ದು) ಬಾರದಿರಲು ಇವೆರಡೇ ಮುಖ್ಯ. ಲೋಹದ ಕ್ಯಾಬಿನೆಟ್‌ಗೆ ಮನೆಯ ಅರ್ಥಿಂಗ್ ಜೋಡಿಸಿ, ಮೇನ್ಸ್‌ನಲ್ಲಿ 2 ಆಂಪಿಯರ್ ಸ್ಲೋ ಬ್ಲೋ ಫ್ಯೂಸ್ ಹಾಕಿ. ಹಮ್ ಬಂತು ಅಂತ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಅದು ಪ್ರಾಣಕ್ಕೇ ಅಪಾಯ. ಹಮ್ ಬಂದರೆ ಮೊದಲು ಟಿವಿಗೆ ಬರುವ ಕೇಬಲ್ ಅಥವಾ ಡಿಶ್ ವೈರ್ ಬಿಚ್ಚಿ ನೋಡಿ, ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಕರೆಂಟ್ ಹೋದಾಗ ಮಾತ್ರ ಬರುವ ಗುರ್ರ್ ಸದ್ದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನದು, ಸೈನ್ ವೇವ್ ಇನ್ವರ್ಟರ್‌ನಲ್ಲಿ ಬರುವುದಿಲ್ಲ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್‌ಗೆ 100 ವ್ಯಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿ ಕೊಡಿ. ಒಮ್ಮೆ ಬೆಳಗಿ ಮಂಕಾದರೆ ಎಲ್ಲ ಸರಿ ಇದೆ. ಬೆಳಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಬಂದ್ ಮಾಡಿ. ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಅಳೆಯಿರಿ, 50 ಮಿಲಿವೋಲ್ಟ್ ಒಳಗಿರಬೇಕು. ಬಂದ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಕೈ ಹಾಕುವ ಮುಂಚೆ ಮೀಟರ್ ಹಿಡಿದು ನೋಡಿ. ಮೇನ್ಸ್ ಕೆಲಸ ಗೊತ್ತಿಲ್ಲದಿದ್ದರೆ ಈ ಭಾಗವನ್ನು ಗೊತ್ತಿರುವವರ ಕೈಲಿ ಮಾಡಿಸಿ, ಇಲ್ಲವೇ ಸಿದ್ಧ ಆಂಪ್ಲಿಫೈಯರ್ ಕೊಳ್ಳಿ. ಪೆಟ್ಟಿಗೆ ನೀವೇ ಕಟ್ಟಿದ್ದೀರಲ್ಲ, ಮುಖ್ಯ ಕೆಲಸ ಅದೇ.

ಡ್ರೈವರ್‌ನ ಪ್ಲಸ್ ಯಾವುದು ಅಂತ ಅನುಮಾನ ಇದ್ದರೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಾಗಿದ್ದೇ ಡ್ರೈವರ್‌ನ ಪ್ಲಸ್.

## ಎಲ್ಲಿಡಬೇಕು?

ಹೆಚ್ಚಿನವರು ಟಿವಿ ಪಕ್ಕದ ಮೂಲೆಯಲ್ಲಿಟ್ಟು ಸುಮ್ಮನಾಗುತ್ತಾರೆ. ಕಲ್ಲಿನ ಕೋಣೆಯಲ್ಲಿ ಇದು ಸಾಲದು. 16 ಅಡಿ ಉದ್ದ, 12 ಅಡಿ ಅಗಲದ ಹಾಲ್ ಅಂದುಕೊಳ್ಳಿ. ಉದ್ದಕ್ಕೆ ಸರಿಯಾಗಿ 35 ಹರ್ಟ್ಸ್, ಅಗಲಕ್ಕೆ ಸರಿಯಾಗಿ 47 ಹರ್ಟ್ಸ್ ಗೋಡೆಯಿಂದ ಗೋಡೆಗೆ ಓಡಾಡುತ್ತಾ ನಿಂತುಬಿಡುತ್ತವೆ. ಗೋಡೆಯ ಹತ್ತಿರ ಕೂತರೆ ಆ ಸ್ವರ ವಿಪರೀತ, ಸರಿಯಾಗಿ ಮಧ್ಯೆ ಕೂತರೆ ಅದೇ ಸ್ವರ ಕಾಣೆ. ನೆಲಕ್ಕೆ ಜಮಖಾನ ಹಾಸಿದರೆ ಚಪ್ಪಾಳೆಯ ಪ್ರತಿಧ್ವನಿ ತಗ್ಗುತ್ತದೆ, ಮಾತು ಸ್ಪಷ್ಟವಾಗುತ್ತದೆ. ಆದರೆ 40 ಹರ್ಟ್ಸ್ ಅಲೆ ಎಂಟೂವರೆ ಮೀಟರ್ ಉದ್ದ. ಜಮಖಾನಕ್ಕೆ ಅದು ಬಗ್ಗುವುದಿಲ್ಲ. ಜಾಗ ಬದಲಿಸುವುದೇ ನಿಮ್ಮ ಕೈಲಿರುವ ದೊಡ್ಡ ಉಪಾಯ.

ಒಳ್ಳೆಯ ಜಾಗ ಹುಡುಕುವ ಬಗೆ ಹೀಗೆ. ಸಬ್‌ವೂಫರನ್ನು ನೀವು ಸಿನಿಮಾ ನೋಡುವಾಗ ಕೂರುವ ಜಾಗದಲ್ಲೇ ಇಡಿ. ಬೇಸ್ ಸ್ವರಗಳು ಏರಿಳಿಯುವ ಒಂದು ಹಾಡು ಹಾಕಿ. ಆಮೇಲೆ ನೀವು ಗೋಡೆಗುಂಟ ಬಗ್ಗಿಕೊಂಡು, ಕಿವಿಯನ್ನು ನೆಲದ ಹತ್ತಿರ ಇಟ್ಟುಕೊಂಡು ನಡೆಯಿರಿ. ಎಲ್ಲ ಸ್ವರ ಸಮವಾಗಿ ಕೇಳುವ ಜಾಗ ಸಿಗುತ್ತದೆ. ಪೆಟ್ಟಿಗೆಯನ್ನು ಅಲ್ಲಿಡಿ. ಇನ್ನೂ ಖಚಿತ ಬೇಕಾದರೆ ಮೊಬೈಲ್‌ನ ಟೋನ್ ಜನರೇಟರ್ ಆಪ್‌ನಿಂದ 25ರಿಂದ 100 ಹರ್ಟ್ಸ್ ತನಕ ಐದೈದರಂತೆ ಸ್ವರ ಹಾಕಿ ಇನ್ನೊಂದು ಮೊಬೈಲ್‌ನಲ್ಲಿ ಸದ್ದು ಅಳೆದು ಬರೆದುಕೊಳ್ಳಿ. ಮೊಬೈಲ್ ಮೈಕ್ ತೀರಾ ಕೆಳಗಿನ ಸ್ವರವನ್ನು ಕಡಿಮೆ ತೋರಿಸುತ್ತದೆ, ಆದರೆ ಎರಡು ಜಾಗಗಳನ್ನು ಹೋಲಿಸಲು ಸಾಕು. ಲ್ಯಾಪ್‌ಟಾಪ್ ಇದ್ದವರಿಗೆ ರೂಮ್ ಈಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ.

ಸಿನಿಮಾ ನೋಡುವಾಗ ಕೋಣೆ ಹೇಗಿರುತ್ತದೋ ಹಾಗೇ ಇಟ್ಟು ಅಳೆಯಿರಿ. ಬೇಸಿಗೆಯಲ್ಲಿ ಕೂಲರ್ ಓಡಬೇಕಾದರೆ ಕಿಟಕಿ ತೆರೆದಿರಲೇಬೇಕು. ಕಿಟಕಿ ತೆರೆದರೆ ಕೋಣೆ ಕೊಡುವ ಬಲ ತಗ್ಗುತ್ತದೆ, ಮೇಲೆ ಕೂಲರ್‌ನ ಗುಂಯ್ ಬೇರೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಹೊಂದಿಸಿದ ಸದ್ದು ಮೇ ತಿಂಗಳಲ್ಲಿ ಸೊರಗಿದಂತೆ ಕೇಳುವುದು ಇದಕ್ಕೇ. ಎರಡು ಕಾಲಕ್ಕೆ ಎರಡು ಗುರುತು ವಾಲ್ಯೂಮ್ ಗುಂಡಿಯ ಮೇಲೆ ಹಾಕಿಟ್ಟುಕೊಳ್ಳಿ.

ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಕಾಲು ನಾಲ್ಕು ಇರಲಿ. ಕಲ್ಲಿನ ಮೇಲೆ ನೇರ ಇಟ್ಟರೆ ಪೆಟ್ಟಿಗೆ ಜಾರುತ್ತದೆ, ಕಟಕಟ ಅನ್ನುತ್ತದೆ. ಸದ್ದು ಏರಿಸಿದಾಗ ಕಪಾಟಿನ ಗಾಜು, ಸ್ಟೀಲ್ ಡಬ್ಬಿಗಳು ನಡುಗಿದರೆ ಸಬ್‌ವೂಫರ್ ಕೆಟ್ಟಿದೆ ಅಂದುಕೊಳ್ಳಬೇಡಿ. 40 ಹರ್ಟ್ಸ್ ಸ್ವರ ಹಾಕಿ ಒಂದೊಂದನ್ನೇ ಕೈಯಿಂದ ಹಿಡಿದು ನೋಡಿ, ಸದ್ದು ನಿಂತದ್ದೇ ಕಳ್ಳ.

## ಹೊಂದಿಸುವುದು

ರಿಸೀವರ್ ಇದ್ದರೆ ಉಳಿದ ಸ್ಪೀಕರ್‌ಗಳನ್ನು ಸ್ಮಾಲ್ ಅಂತ, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್ ಅಂತ ಇಡಿ. ಸ್ಪೀಕರ್ ತೀರಾ ಚಿಕ್ಕದಾದರೆ 100 ಅಥವಾ 120. ಹೆಚ್ಚು ಏರಿಸಿದರೆ ಗಂಡಸಿನ ದನಿ ಮೂಲೆಯಿಂದ ಬಂದಂತೆ ಕೇಳುತ್ತದೆ.

ಫೇಸ್ ಸ್ವಿಚ್, ಅಂದರೆ ಕೋನ್ ಆಡುವ ದಿಕ್ಕನ್ನು ಉಲ್ಟಾ ಮಾಡುವ ಸ್ವಿಚ್, ಬಗ್ಗೆ ಬಹಳ ಗೊಂದಲ ಇದೆ, ಆದರೆ ಕೆಲಸ ಸುಲಭ. 80 ಹರ್ಟ್ಸ್ ಸ್ವರ ಹಾಕಿ ಎಲ್ಲ ಸ್ಪೀಕರ್ ಚಾಲೂ ಇಡಿ. ನೀವು ಕೂರುವ ಜಾಗದಲ್ಲಿ ಕೂತು, ಸ್ವಿಚ್ಚನ್ನು ಇನ್ನೊಬ್ಬರ ಕೈಲಿ ಬದಲಿಸಿರಿ. ಯಾವುದರಲ್ಲಿ ಸದ್ದು ಜಾಸ್ತಿಯೋ ಅದೇ ಸರಿ. ಸ್ವಿಚ್ ಇಲ್ಲದಿದ್ದರೆ ಪೆಟ್ಟಿಗೆಯ ಹಿಂದೆ ಎರಡು ವೈರ್ ಅದಲುಬದಲು ಮಾಡಿ ನೋಡಿ.

ರಿಸೀವರ್ ಇಲ್ಲದೆ ಟಿವಿಯ ಹೆಡ್‌ಫೋನ್ ಔಟ್‌ನಿಂದ ಫಿಲ್ಟರ್ ಬೋರ್ಡ್‌ಗೆ ಕೊಡುವವರು ಒಂದು ವಿಷಯ ತಿಳಿದಿರಬೇಕು. 5.1 ಸಿನಿಮಾದಲ್ಲಿ ಸ್ಫೋಟ, ಗುಡುಗಿಗೆಂದೇ 120 ಹರ್ಟ್ಸ್ ತನಕದ ಬೇರೆ ಚಾನೆಲ್ ಇರುತ್ತದೆ. ಅದೇ ಆ ಪಾಯಿಂಟ್ ಒಂದು. ಟಿವಿ ಎಲ್ಲವನ್ನೂ ಎರಡು ಚಾನೆಲ್‌ಗೆ ಇಳಿಸುವಾಗ ಸಾಮಾನ್ಯವಾಗಿ ಆ ಚಾನೆಲ್ಲನ್ನು ಬಿಟ್ಟುಬಿಡುತ್ತದೆ. ಉಳಿದ ಚಾನೆಲ್‌ಗಳ ಬೇಸ್ ಬರುತ್ತದೆ, ಹಾಡುಗಳಿಗೆ ಏನೂ ಕೊರತೆಯಿಲ್ಲ. ಆದರೆ ಸಿನಿಮಾದ ಪೂರ್ತಿ ಗುಡುಗು ಬೇಕಾದರೆ ಮುಂದೊಂದು ದಿನ ರಿಸೀವರ್ ಬೇಕು.

ಸದ್ದಿನ ಮಟ್ಟಕ್ಕೆ ನನ್ನ ಅಳತೆಗೋಲು ಹೀಗಿದೆ. ಸಬ್‌ವೂಫರ್ ಇದೆ ಅಂತ ಗೊತ್ತಾಗದಿರಬೇಕು, ಬಂದ್ ಮಾಡಿದರೆ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಅಲ್ಲಿಂದ 3 ಡೆಸಿಬೆಲ್ ಏರಿಸಿದರೆ ಸಿನಿಮಾಕ್ಕೆ ಹಿತ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ರಾತ್ರಿ ಹತ್ತರ ಮೇಲೆ ಇಳಿಸಿಬಿಡಿ. ನಿಮಗೆ ಸಣ್ಣಗೆ ಕೇಳುವ ಬೇಸ್ ಪಕ್ಕದ ಮನೆಯ ಮಲಗುವ ಕೋಣೆಯಲ್ಲಿ ಎಷ್ಟೋ ಸಲ ಜೋರಾಗಿಯೇ ಕೇಳುತ್ತದೆ.

ಕೋನ್‌ನ ಮುಂದೆ ತೆಳು ಬಟ್ಟೆಯ ಗ್ರಿಲ್ ಹಾಕಿ, ಧೂಳನ್ನು ಒಣ ಬ್ರಷ್‌ನಿಂದ ಮಾತ್ರ ತೆಗೆಯಿರಿ. ಮೊದಲ ಬೇಸಿಗೆ ಕಳೆದು ಮಳೆ ಶುರುವಾದಾಗ ಬೋಲ್ಟ್‌ಗಳನ್ನು ಒಂದು ಸುತ್ತು ಪರೀಕ್ಷಿಸಿ. ಒಣಗಿದ ಪ್ಲೈ ಕುಗ್ಗಿ ಬಿಗಿ ಸಡಿಲವಾಗಿರುತ್ತದೆ. ಆಗಲೇ ಊದಿನಕಡ್ಡಿ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ, ಹೊಗೆ ನಡುಗಿದರೆ ಫೋಮ್ ಟೇಪ್ ಹೊಸದು ಹಾಕಿ.